ಸಾಹಸಭೀಮನ ಸೀಮೆಯಲ್ಲಿ ಸೂಪರ್‌ಹೀರೋ ಮನೆತನ

ಮುಧೋಳದ ಬಳೆಗಾರರ ಮನೆಯಲ್ಲಿ ಕ್ರಿ.ಶ. 949ರಲ್ಲಿ ಹುಟ್ಟಿದ ರನ್ನ ತನ್ನ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದು ಹೆಸರಿಟ್ಟ. ತನ್ನ ಊರು ಮುದುವೊಳಲು ‘ಜಂಬುಖಂಡಿ ಎಪ್ಪತ್ತು’ ಎಂಬ ನಾಡಿನೊಳಗಿನದು ಎಂದೂ ಹೇಳಿಕೊಂಡ. ಅಂದರೆ ಇಂದಿನ ಮುಧೋಳ, ಜಮಖಂಡಿಯ ನೆಲದಲ್ಲಿ ಅತಿಮಾನುಷ ಬಲದ ನಾಯಕನ ಕತೆಗೆ ಸಾವಿರ ವರ್ಷಗಳ ಬಾಳಿಕೆ ಇದೆ. ಅದು ಒಂಟಿ ವೀರನ ಕತೆಯಲ್ಲ, ಮನೆತನದ ಕತೆ. ಟಿವಿಯಲ್ಲಿ ಸೂಪರ್‌ಹೀರೋ ಕುಟುಂಬದ ಹೊಸ ಧಾರಾವಾಹಿ ಬರಬೇಕು, ಅದೂ ಕನ್ನಡದಲ್ಲಿ ಬರಬೇಕು ಎಂದು ಬಯಸುವವರು ಈ ಸೀಮೆಯ ಪ್ರೇಕ್ಷಕ ಏನನ್ನು ನೋಡುತ್ತ ಬೆಳೆದ ಎಂಬುದನ್ನು ಮೊದಲು ಗಮನಿಸುವುದು ಒಳ್ಳೆಯದು.

‘ಗದಾಯುದ್ಧ’ ಎಂದೇ ಹೆಸರಾದ ಆ ಚಂಪೂಕಾವ್ಯ ಹತ್ತು ಆಶ್ವಾಸಗಳದು. ಚಾಲುಕ್ಯ ದೊರೆ ಸತ್ಯಾಶ್ರಯನನ್ನೇ ಭೀಮನೆಂದು ಕಂಡು ಬರೆದದ್ದು. ಗದೆಗಳು ತಾಕುವುದಕ್ಕೆ ಮುಂಚೆ ಎಷ್ಟೊಂದು ಮನೆಮಾತು ಅಲ್ಲಿದೆ! ದ್ರೌಪದಿ ಭೀಮನನ್ನು ಮಾತಿನಿಂದಲೇ ಕೆರಳಿಸುತ್ತಾಳೆ. ಕಣ್ಣು ಕಾಣದ ತಂದೆ ಧೃತರಾಷ್ಟ್ರ, ತಾಯಿ ಗಾಂಧಾರಿ ರಣರಂಗಕ್ಕೇ ಬಂದು, ಉಳಿದ ಒಬ್ಬ ಮಗನನ್ನು ಸಂಧಿ ಮಾಡಿಕೋ ಎಂದು ಬೇಡುತ್ತಾರೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತ ಮಗನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಕರಗುತ್ತಾನೆ, ವೈರಿಯ ಮಗ ಅಭಿಮನ್ಯುವಿನ ಸಾಹಸವನ್ನೂ ಹೊಗಳುತ್ತಾನೆ. ಕಾವ್ಯದ ಹೆಸರಿನಲ್ಲಿರುವುದು ಭೀಮನ ಗೆಲುವು, ಓದುಗರ ಎದೆಯಲ್ಲಿ ಉಳಿಯುವುದು ಸೋಲುವವನ ದುಃಖ. ಖಳನಿಗೂ ಒಂದು ಮನೆಯಿದೆ, ಅವನಿಗಾಗಿ ಅಳುವವರಿದ್ದಾರೆ ಎಂದು ತೋರಿಸಿದ್ದು ರನ್ನನ ದೊಡ್ಡಸ್ತಿಕೆ. ಇಂದಿನ ಸೂಪರ್‌ಹೀರೋ ಕತೆಗಾರರಲ್ಲಿ ಹಲವರು ಎಡವುವುದು ಇಲ್ಲೇ.

ಕಾವ್ಯ ಓದುವವರು ಕೆಲವರು, ಆಟ ನೋಡುವವರು ಊರೆಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರ ತೊಟ್ಟ ವೀರ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ಮಾತಿಗೆಳೆದು, ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳುತ್ತಾನೆ. ಪಾತ್ರ ತನ್ನ ಕುಲ, ಬಲ, ಬಂದ ಕಾರಣವನ್ನು ತಾನೇ ಸಾರುತ್ತದೆ. ಇವತ್ತಿನ ಸೂಪರ್‌ಹೀರೋ ಸಿನಿಮಾಗಳು ಮೊದಲ ಅರ್ಧಗಂಟೆ ಹೇಳುವ ‘ಮೂಲಕತೆ’ಯನ್ನು ದೊಡ್ಡಾಟ ಒಂದು ಪ್ರಶ್ನೋತ್ತರದಲ್ಲಿ ಮುಗಿಸಿಬಿಡುತ್ತದೆ.

ಆದರೆ ಮುಧೋಳ, ಲೋಕಾಪುರ, ಜಮಖಂಡಿಯ ಜನರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿದ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದರು. ನಾರದ ತಂದ ಪಾರಿಜಾತದ ಹೂ ರುಕ್ಮಿಣಿಗೆ ಸಿಕ್ಕಿತು, ಸತ್ಯಭಾಮೆ ಮುನಿಸಿಕೊಂಡಳು. ಕತೆಯ ಬೀಜ ಇಷ್ಟೇ. ಇದರ ಮೇಲೆ ಇಡೀ ರಾತ್ರಿ ಕಳೆಯುತ್ತದೆ. ಗೋವರ್ಧನ ಎತ್ತಿದ ದೇವರು ಹೆಂಡತಿಯ ಬಾಗಿಲಲ್ಲಿ ನಿಂತು ಅಂಗಲಾಚುವುದನ್ನು ನೋಡಲೆಂದೇ ಜನ ಕೂಡುತ್ತಾರೆ. ದೂತಿಯ ಕುಚೋದ್ಯ, ಭಾಗವತನೊಡನೆ ಮಾತಿನ ಜಗ್ಗಾಟ, ನಡುವೆ ಹಾರ್ಮೋನಿಯಂ, ತಬಲಾ ಜೊತೆ ಏರುವ ಹಾಡು. ಹಾಡು ಗ್ರಂಥದ ಬಿಗಿಯಲ್ಲಿದ್ದರೆ ಮಾತು ಇಲ್ಲಿಯ ಹಿತ್ತಲು, ಕಟ್ಟೆಯ ಜವಾರಿ ಕನ್ನಡ. ದ್ವಾರಕೆಯ ರಾಣಿ ಮುಧೋಳ ಸೀಮೆಯ ಹೆಣ್ಣುಮಗಳಂತೆ ಬೈಯುತ್ತಾಳೆ, ಅದರಿಂದ ಅವಳ ರಾಣಿತನ ಎಳ್ಳಷ್ಟೂ ಕುಂದುವುದಿಲ್ಲ.

ನೆಲದ ಮನುಷ್ಯರೇ ವೀರರಾದ ಕತೆಯೂ ಇಲ್ಲಿದೆ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಎದುರಿಸಿ ನಿಂತ ಮುಧೋಳ ಸಂಸ್ಥಾನದ ಹಲಗಲಿ ಬೇಡರನ್ನು ಲಾವಣಿ ಹಿಡಿದಿಟ್ಟಿತು; ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರು. ಜಡಗ, ಬಾಲ, ರಾಮ, ಹನುಮ ಎಂಬ ಹೆಸರುಗಳು ಇಂದಿಗೂ ಹಾಡಿನಲ್ಲಿ ಜೀವಂತ.

ಸಿನಿಮಾ ಬಂದಾಗ ಈ ರುಚಿ ಮಾಯವಾಗಲಿಲ್ಲ, ಟಾಕೀಸಿಗೆ ಸ್ಥಳ ಬದಲಿಸಿತು. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಬಭ್ರುವಾಹನ’ (1977) ಚಿತ್ರದಲ್ಲಿ ಅರ್ಜುನ, ಬಭ್ರುವಾಹನ ಎರಡೂ ಪಾತ್ರ ರಾಜ್‌ಕುಮಾರ್ ಅವರದು. ಬಾಣಗಳಿಗಿಂತ ಅಪ್ಪ-ಮಗನ ನಡುವಿನ ವಾಗ್ವಾದವೇ ಆ ಚಿತ್ರದ ನಿಜವಾದ ಯುದ್ಧ. ‘ಭಕ್ತ ಪ್ರಹ್ಲಾದ’ (1983) ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರದೇ ಮಗ ಪುನೀತ್. ತಂದೆ ಮಗನನ್ನು ಕೊಲ್ಲಿಸಹೊರಡುವ ಕತೆಯನ್ನು ನಿಜವಾದ ತಂದೆ-ಮಗ ಆಡಿದ್ದರಿಂದ ನೋಡುವವರ ಸಂಕಟ ಇಮ್ಮಡಿಯಾಯಿತು.

ಟಿವಿಯ ಅಧ್ಯಾಯ ಶುರುವಾದದ್ದು ಹಿಂದಿಯಲ್ಲಿ. ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಂದು ದೂರದರ್ಶನದಲ್ಲಿ ಮೊದಲಾಯಿತು. ಬಿ.ಆರ್. ಚೋಪ್ರಾ ಅವರ 94 ಕಂತುಗಳ ‘ಮಹಾಭಾರತ’ 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ ನಡೆಯಿತು. ಅದರ ಭೀಮ ಪ್ರವೀಣ್ ಕುಮಾರ್, ಏಷ್ಯನ್ ಕ್ರೀಡಾಕೂಟದ ಡಿಸ್ಕಸ್ ಎಸೆತದಲ್ಲಿ ಚಿನ್ನ ಗೆದ್ದಿದ್ದವರು. ಹಿಂದಿ ಪೂರ್ತಿ ತಿಳಿಯದವರಿಗೂ ಆ ಕಂತುಗಳು ಹಿಡಿಸಿದವು, ಏಕೆಂದರೆ ಕತೆಯೂ ಜಗಳವೂ ಮೊದಲೇ ಗೊತ್ತಿದ್ದವು. ಅದೇ ಧಾರಾವಾಹಿಯ ಭೀಷ್ಮ ಮುಕೇಶ್ ಖನ್ನಾ 1997ರ ಸೆಪ್ಟೆಂಬರ್‌ನಲ್ಲಿ ‘ಶಕ್ತಿಮಾನ್’ ಆಗಿ ಗಿರಗಿರನೆ ತಿರುಗಿದರು. ಮಕ್ಕಳು ಹುಚ್ಚೆದ್ದು ನೋಡಿದರು. ಕಂತಿನ ಕೊನೆಗೆ ಶಕ್ತಿಮಾನ್ ನೀತಿ ಹೇಳುತ್ತಿದ್ದ, ತಪ್ಪು ಮಾಡಿದ ಮಗು ಅವನಲ್ಲಿ ಕ್ಷಮೆ ಕೇಳುತ್ತಿತ್ತು. ಆದರೆ ಮನೆಯಲ್ಲಿ ಅವನ ಮೇಲೆ ಮುನಿಸಿಕೊಳ್ಳುವ ಸತ್ಯಭಾಮೆ ಇರಲಿಲ್ಲ. ಬೆಳೆದ ಮೇಲೆ ಆ ಧಾರಾವಾಹಿಯನ್ನು ನೆನೆಯುವವರಿಗೆ ವೇಷ ನೆನಪಾಗುವಷ್ಟು ಒಂದು ಸನ್ನಿವೇಶ ನೆನಪಾಗದಿರಲು ಇದೂ ಕಾರಣ.

ಕನ್ನಡ ವಾಹಿನಿಗಳು ಕುಟುಂಬವನ್ನು ಬಿಗಿಯಾಗಿ ಹಿಡಿದವು, ಶಕ್ತಿಯನ್ನು ದೇವರಿಗೆ ಬಿಟ್ಟವು. ಸ್ಟಾರ್ ಸುವರ್ಣದ ‘ಹರಹರ ಮಹಾದೇವ’ದಂಥ ಪೌರಾಣಿಕಗಳು ಒಂದು ಕಡೆ, ಅತ್ತೆ-ಸೊಸೆಯರ ಕತೆಗಳು ಇನ್ನೊಂದು ಕಡೆ. ಎರಡೂ ಸೇರಿದ್ದು ಜೀ ಕನ್ನಡದ ‘ನಾಗಿಣಿ’ಯಲ್ಲಿ (2016). ಹಾವಾಗಬಲ್ಲ ಹೆಣ್ಣು ಸೊಸೆಯಾಗಿ ಮನೆಯೊಳಗೆ ಓಡಾಡಿದಳು. ಆ ಧಾರಾವಾಹಿಯ ಯಶಸ್ಸನ್ನು ಹಗುರಾಗಿ ಕಾಣುವವರಿದ್ದಾರೆ. ಅದು ಸರಿಯಲ್ಲ. ಅತಿಮಾನುಷ ಶಕ್ತಿ ಅಡುಗೆಮನೆಗೆ ಬಂದರೆ ಕನ್ನಡದ ಪ್ರೇಕ್ಷಕ ಒಪ್ಪುತ್ತಾನೆ ಎಂಬುದನ್ನು ತೋರಿಸಿಕೊಟ್ಟದ್ದು ಅದೇ.

ಬೇರೆ ಭಾಷೆಯ ಕತೆಗಳು ಕನ್ನಡದ ಮಾತಿನಲ್ಲಿ ಬರದಂತೆ ನಡುವೆ ಡಬ್ಬಿಂಗ್ ವಿರೋಧದ ಗೋಡೆಯಿತ್ತು. ದಶಕಗಳ ಅಘೋಷಿತ ನಿಷೇಧದ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟ ಮೇಲೆ ಅದು ಬಿರುಕುಬಿಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಹೊಸ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣ ಕನ್ನಡಕ್ಕೆ ಡಬ್ ಆದ ಇನ್ನೊಂದು ಹಿಂದಿ ‘ಮಹಾಭಾರತ’ವನ್ನು ತಂದಿತು, ಮನೆಮಂದಿಯೆಲ್ಲ ಕೂತು ನೋಡಿದರು. 2021ರ ಡಿಸೆಂಬರ್ 24ರಂದು ಮಲಯಾಳದ ಸೂಪರ್‌ಹೀರೋ ಸಿನಿಮಾ ‘ಮಿನ್ನಲ್ ಮುರಳಿ’ ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದಲ್ಲೂ ಬಂತು. ಅದರ ನಾಯಕ ಹಳ್ಳಿಯ ದರ್ಜಿ. ರಬಕವಿ-ಬನಹಟ್ಟಿಯಂಥ ಮಗ್ಗದ ಊರಿನ ಹುಡುಗನಿಗೆ ಈ ವೀರ ಪರಕೀಯನೆನಿಸಲು ಕಾರಣವೇ ಇಲ್ಲ. 2023ರಲ್ಲಿ ಹಾಲಿವುಡ್ಡಿನ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು.

ಹೊರಗಿನ ಅನುಭವವೂ ಪಾಠವೇ. ಸೂಪರ್‌ಹೀರೋ ಕುಟುಂಬದ ಕತೆಯ ಸಿನಿಮಾ, 2004ರ ‘ದಿ ಇನ್‌ಕ್ರೆಡಿಬಲ್ಸ್’ ಗೆದ್ದದ್ದು ಗಂಡ-ಹೆಂಡತಿಯ ವಾದ, ಊಟದ ಮೇಜಿನ ಗದ್ದಲದಿಂದ. ಅಮೆರಿಕದ ಎಬಿಸಿ ವಾಹಿನಿ 2010ರ ಸೆಪ್ಟೆಂಬರ್‌ನಲ್ಲಿ ‘ನೋ ಆರ್ಡಿನರಿ ಫ್ಯಾಮಿಲಿ’ ಶುರುಮಾಡಿತು. ಅಮೆಜಾನ್‌ನಲ್ಲಿ ವಿಮಾನ ಬಿದ್ದು ಬದುಕುಳಿದ ಅಪ್ಪ, ಅಮ್ಮ, ಇಬ್ಬರು ಮಕ್ಕಳಿಗೆ ಒಬ್ಬೊಬ್ಬರಿಗೊಂದು ಶಕ್ತಿ. ಶುರುವಾಗುವಾಗ ನಿರೀಕ್ಷೆ ದೊಡ್ಡದಿತ್ತು. 20 ಕಂತಿಗೆ, ಒಂದೇ ಸೀಸನ್ನಿಗೆ ನಿಂತುಹೋಯಿತು. ಮನೆಯ ನೋವಿಗೂ ಶಕ್ತಿಗೂ ಗಂಟು ಬೀಳದೆ, ಎರಡೂ ಬೇರೆಬೇರೆ ದಾರಿ ಹಿಡಿದರೆ ಅಭಿಮಾನಿಗಳು ಎದ್ದು ಹೋಗುತ್ತಾರೆ.

ಬಾಗಲಕೋಟೆ ಸೀಮೆಯ ಅಭಿಮಾನಿಯ ಪಟ್ಟಿಯಲ್ಲಿ ಇನ್ನೊಂದು ಬೇಡಿಕೆ ಇದೆ, ಅದು ನ್ಯಾಯವಾದದ್ದು. ಕನ್ನಡದ ಧಾರಾವಾಹಿಗಳಲ್ಲಿ ಉತ್ತರ ಕರ್ನಾಟಕದ ಮಾತು ಹೆಚ್ಚಾಗಿ ನಗಿಸುವ ಪಾತ್ರಕ್ಕೆ, ಮನೆಗೆಲಸದವರಿಗೆ, ಒರಟರಿಗೆ ಮೀಸಲು. ನಾಯಕ ಬೆಂಗಳೂರು-ಮೈಸೂರಿನ ಕನ್ನಡ ಆಡುತ್ತಾನೆ. ಡಬ್ಬಿಂಗಿನವರೂ ಅದೇ ಹಾದಿ ಹಿಡಿದಿದ್ದಾರೆ. ಪಾರಿಜಾತದಲ್ಲಿ ಸಾಕ್ಷಾತ್ ಕೃಷ್ಣನೇ ಆಡಿದ ಮಾತು ಟಿವಿಯ ವೀರನಿಗೆ ಏಕೆ ಬೇಡವಾಗಬೇಕು? ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ, ಮನೆ ಬಿಟ್ಟುಕೊಟ್ಟು ಬೇರೆಡೆ ಒಲೆ ಹೂಡಿದ ಕುಟುಂಬಗಳಿವೆ. ಅಂಥ ಒಂದು ಮನೆಯ ಅಜ್ಜಿ, ಮಗ, ಸೊಸೆ, ಮೊಮ್ಮಗಳಿಗೆ ಒಂದೊಂದು ಶಕ್ತಿ ಬಂದು, ಅವರು ‘ಯಾಕ್ ಬೇ’, ‘ಹೌದಲ್ರೀ’ ಎನ್ನುತ್ತಲೇ ಲೋಕವನ್ನು ಕಾಯುವ ಕತೆಗೆ ಸಾಮಗ್ರಿಯ ಬರವಿಲ್ಲ. ಪ್ರತಿ ಜನವರಿಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳಲ್ಲಿ ಈ ಭಾಷೆಯಲ್ಲಿ ಅಳಿಸಲೂ ನಗಿಸಲೂ ಬಲ್ಲ ನಟನಟಿಯರಿದ್ದಾರೆ. ಸಂಭಾಷಣೆ ಬರೆಯುವವರನ್ನೂ ಪಾತ್ರಧಾರಿಗಳನ್ನೂ ಹುಡುಕುವ ವಾಹಿನಿ ಮೊದಲು ಹೋಗಬೇಕಾದದ್ದು ಆ ಟೆಂಟುಗಳಿಗೆ, ಲೋಕಾಪುರದ ಪಾರಿಜಾತದ ಮೇಳಗಳಿಗೆ.