ಪಂಕ್ತಿ ಯಾರದು?

ಧರ್ಮಗಳನ್ನು ಹೋಲಿಸುವ ಪಂಡಿತರು ಗ್ರಂಥ ಬಿಚ್ಚಿ ಕೂರುತ್ತಾರೆ. ನಾವು ಪಂಕ್ತಿ ನೋಡೋಣ. ಯಾರ ಪಕ್ಕ ಯಾರು ಕೂತು ಉಣ್ತಾರೆ?

ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಧರ್ಮ, ಸಮಾಜ ಕುರಿತ ಪುಸ್ತಕ ತಂದರು. 'ಸಂಸ್ಕೃತೀಕರಣ' ಎಂಬ ಮಾತು ಅಲ್ಲಿಂದ ಹಬ್ಬಿತು. ಕೆಳಗಿನವರು ಮೇಲಿನವರ ಆಚಾರ ಹಿಡಿದು ಹತ್ತುವ ಏಣಿ ಅದು. ಆದರೆ ಆ ಏಣಿಯೇ ಬೇಡವೆಂದು ಹೊರಬಿದ್ದ ಹೊಲೆಯರೂ ಕೊಡಗಿನಲ್ಲಿದ್ದರು. ಗದ್ದೆಯ ಜೊತೆಗೆ ಕೈಬದಲಾಗುತ್ತಿದ್ದ ಜಮ್ಮದ ಆಳುಗಳು ಅವರು. ಕಂಪನಿ ಸರ್ಕಾರದ 1843ರ ಕಾನೂನು ಗುಲಾಮಗಿರಿಯ ಮಾನ್ಯತೆ ತೆಗೆಯಿತು. ಗದ್ದೆ ಮಾತ್ರ ಕೊಡಲಿಲ್ಲ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅಮ್ಮತ್ತಿ ಕಡೆ ಆನಂದಪುರ ಕಟ್ಟಿದಾಗ ಅಲ್ಲಿ ಮನೆ ಹೂಡಿದವರಲ್ಲಿ ಕ್ರೈಸ್ತರಾದ ಹೊಲೆಯರೇ ಹೆಚ್ಚು.

ಕರ್ತನ ಭೋಜನದಲ್ಲಿ ರೊಟ್ಟಿ ಒಂದೇ. ನಮಾಜಿನಲ್ಲಿ ಹೆಗಲಿಗೆ ಹೆಗಲು. ಸಿಖ್ಖರ ಲಂಗರಿನಲ್ಲಿ ನೆಲವೊಂದೇ. ಬುದ್ಧನ ಸಂಘದಲ್ಲಿ ಕ್ಷೌರಿಕ ಉಪಾಲಿ, ಜಾಡಮಾಲಿ ಸುನೀತ ಇದ್ದರು. ಬಾಬಾಸಾಹೇಬರು 1956ರಲ್ಲಿ ಹಿಡಿದದ್ದು ಆ ದಾರಿ. ಹಾಗಂತ ಮೋಸಹೋಗಬಾರದು: ತಮಿಳುನಾಡಿನ ಎಷ್ಟೋ ಚರ್ಚುಗಳಲ್ಲಿ ದಲಿತರ ಹೆಣಕ್ಕೂ ಬೇರೆ ಮಣ್ಣು. ನಂಬಿಕೆ ಬೇರೆ, ಬಳಕೆ ಬೇರೆ.

ಸರ್ಕಾರಕ್ಕೂ ಒಂದು ಪಂಕ್ತಿಯುಂಟು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗಷ್ಟೇ ಇಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಬಂದರು. ಕ್ರೈಸ್ತ, ಮುಸ್ಲಿಂ ದಲಿತರು ಇನ್ನೂ ಹೊರಗೇ. ಆನಂದಪುರದ ಆಳಿನ ಮರಿಮಗನನ್ನು ಊರು ಹೊಲೆಯ ಅಂತಲೇ ಕರೆದರೂ ಕಾನೂನು ಒಪ್ಪೋದಿಲ್ಲ. ದೇವರು ಬದಲಾದರೆ ಜಾತಿ ಹೋಯ್ತು ಅಂತ ಹೇಳಿದವರು ಯಾರು? ಊರಂತೂ ಹಾಗೆ ಹೇಳಲಿಲ್ಲ.