ಪ್ರೊಜೆಕ್ಟರ್ ಮೆನು: ದೀಪದ ಆಯುಷ್ಯ ಅರಿಯುವ ಬಗೆ

ಡಿಜಿಟಲ್ ಪ್ರೊಜೆಕ್ಟರ್‌ನ ಚಿತ್ರ ಮಂಕಾದೊಡನೆ ಯಂತ್ರವೇ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ರಿಮೋಟ್‌ನ ಮೆನು ಗುಂಡಿ ಒತ್ತಿದರೆ ತೆರೆಯ ಮೇಲೆ ಮೂಡುವ ಪಟ್ಟಿಯಲ್ಲೇ ಬಹಳಷ್ಟು ಸಲ ಕಾರಣ ಸಿಗುತ್ತದೆ.

ಪಟ್ಟಿಯ ‘ಇನ್‌ಫರ್ಮೇಶನ್’ ವಿಭಾಗವು ಸಂಪರ್ಕದ ಮೂಲ, ರೆಸಲ್ಯೂಶನ್ ಹಾಗೂ ದೀಪ ಉರಿದ ಗಂಟೆಗಳನ್ನು ತೋರಿಸುತ್ತದೆ. ದೀಪದ ಆಯುಷ್ಯ ಸಾಮಾನ್ಯವಾಗಿ 3,000ದಿಂದ 5,000 ಗಂಟೆ. ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 200 ದಿನ ಬಳಸಿದರೆ 4,000 ಗಂಟೆಯ ದೀಪ 5 ವರ್ಷ ಬಾಳುತ್ತದೆ. ‘ಸೆಟ್ಟಿಂಗ್ಸ್’ನಲ್ಲಿ ‘ಇಕೋ’ ಆಯ್ದರೆ ಬೆಳಕು ತಗ್ಗಿ ಆಯುಷ್ಯ ಹೆಚ್ಚುತ್ತದೆ. ಓರೆಯಾದ ಚಿತ್ರವನ್ನು ‘ಕೀಸ್ಟೋನ್’ ಸರಿಪಡಿಸುತ್ತದೆ. ಆದರೆ ಸ್ಪಷ್ಟತೆ ತುಸು ಕುಗ್ಗುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂತಹ ಹೋಬಳಿ ಕೇಂದ್ರದ ಶಾಲೆಗೆ ಹೊಸ ದೀಪ ಸಣ್ಣ ಖರ್ಚಲ್ಲ. ಹಾಗೆಂದು ಹಳೆಯ ದೀಪವನ್ನೇ ಉಳಿಸಿಕೊಂಡು ‘ರೀಸೆಟ್’ ಒತ್ತಿ ಗಂಟೆಯನ್ನು ಸೊನ್ನೆಗಿಳಿಸುವುದು ತಪ್ಪು. ಆಗ ಸಕಾಲಕ್ಕೆ ಎಚ್ಚರಿಕೆಯ ಸಂದೇಶ ಬಾರದು. ಅವಧಿ ಮೀರಿದ ದೀಪ ಸಿಡಿಯಲೂಬಹುದು. ಇಂತಹ ಬಹುತೇಕ ದೀಪಗಳಲ್ಲಿ ವಿಷಕಾರಿ ಪಾದರಸವಿರುತ್ತದೆ.

ಬಳಸಿದ ಪ್ರೊಜೆಕ್ಟರ್ ಕೊಳ್ಳುವವರೂ ಮೊದಲು ಈ ಲೆಕ್ಕವನ್ನೇ ನೋಡಬೇಕು. ಹಳೆಯ ಯಂತ್ರ ತೀರಾ ಕಡಿಮೆ ಗಂಟೆ ತೋರಿಸಿದಲ್ಲಿ, ದೀಪ ಬದಲಿಸಿದ ರಸೀದಿಯನ್ನು ಕೇಳುವುದು ಲೇಸು.