ನೆಲಮಾಳಿಗೆಯ ಬಾವಿ

ಮನೆಯೊಳಗೆ ಬಾವಿಯಿರುವುದನ್ನು ನೀವು ಕಂಡಿರಬಹುದು. ಆದರೆ ಅಮೆರಿಕದ ಇಂಡಿಯಾನಾ ರಾಜ್ಯದ ವೇಯ್ನ್ ಕೌಂಟಿಯಲ್ಲಿ, 1839ರಲ್ಲಿ ಕಟ್ಟಿದ ಇಟ್ಟಿಗೆಯ ಮನೆಯೊಂದರ ನೆಲಮಾಳಿಗೆಯ ಬಾವಿ ಅಂಥದ್ದಲ್ಲ. ಮನೆಯೊಡೆಯರು ಲೆವಿ ಹಾಗೂ ಕ್ಯಾಥರೀನ್ ಕಾಫಿನ್ ದಂಪತಿಗಳು, ಕ್ವೇಕರ್ ಪಂಥದ ಕ್ರೈಸ್ತರು. ಗುಲಾಮಗಿರಿ ಬೇರೂರಿದ್ದ ಉತ್ತರ ಕ್ಯಾರೊಲಿನಾವನ್ನು ಸಹಿಸಲಾರದೆ ಎಷ್ಟೋ ಕ್ವೇಕರ್ ಕುಟುಂಬಗಳು ಹೊಲಮನೆ ತೊರೆದು ಇತ್ತ ವಲಸೆ ಬಂದಿದ್ದವು. 1787ರ ಶಾಸನ ಈ ಸೀಮೆಯಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತ್ತಲ್ಲವೇ? ಕಾಫಿನ್ ದಂಪತಿಗಳು ಬಂದದ್ದು 1826ರಲ್ಲಿ. ಆದರೆ ತಪ್ಪಿಸಿಕೊಂಡು ಬಂದವರಿಗೆ ಆಶ್ರಯ ನೀಡುವುದು ಇಲ್ಲಿಯೂ ಅಪರಾಧವೇ ಆಗಿತ್ತು! ಅಂಥವರನ್ನೇ ಅವರು ಮನೆಗೆ ಕರೆದುಕೊಂಡರು. ಅಂಗಳದ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದ್ದರೆ ಒಳಗೆಷ್ಟು ಮಂದಿಯಿದ್ದಾರೆಂಬುದು ದಾರಿಹೋಕರಿಗೂ ತಿಳಿದುಬಿಡುತ್ತಿತ್ತು. ಮೇಲಿನ ಮಲಗುವ ಕೋಣೆಯಲ್ಲಿ, ಸೂರಿನಡಿಯ ಅಡಗುತಾಣದ ಪುಟ್ಟ ಬಾಗಿಲಿಗೆ ಮಂಚವೇ ಮರೆ. ದಂಪತಿಗಳು 1847ರಲ್ಲಿ ಸಿನ್ಸಿನಾಟಿಗೆ ತೆರಳಿದರು. ಆ ಬಾವಿಯೂ ಆ ಪುಟ್ಟ ಬಾಗಿಲೂ ಇಂದಿಗೂ ಅಲ್ಲಿವೆ.